ಯಾರಿಗಾಗಿ ಈ ತಂತ್ರಾಂಶ?

ಹಳ್ಳಿಯ ಬಡಗಿಯು ಒಂದು ಕೂರಿಗೆಯನ್ನು ಮಾಡುವಾಗ ಅದನ್ನು ಬಳಸುವವನು ಯಾರೆಂಬ ಪ್ರಶ್ನೆ ಅವನಿಗೆ ಏಳುವುದೇ ಇಲ್ಲ. ಕೂರಿಗೆಯನ್ನು ಮಾಡಿಸುವ ರೈತನು ಅವನ ಕಣ್ಣೆದುರಿಗೇ ಇರುತ್ತಾನೆ. ಆ ರೈತನ ಎತ್ತುಗಳ ಎತ್ತರವೆಷ್ಟು, ಅವನ ಹೊಲದ ಮಣ್ಣು ಎರೆಯೋ ಮಸಾರಿಯೋ, ಅವನು ಬಿತ್ತುವುದು ಜೋಳವನ್ನೋ ತೊಗರಿಯನ್ನೋ ಎಂಬುದೆಲ್ಲ ಬಡಗಿಗೆ ಗೊತ್ತು. ಎಲ್ಲಿಯಾದರೂ ತಪ್ಪಾದರೆ ಮರುದಿನವೇ ರೈತನು ಬಂದು ಹೇಳುತ್ತಾನೆ. ಬಡಗಿಯು ಉಳಿಯನ್ನು ಹಿಡಿದು ಸರಿಪಡಿಸುತ್ತಾನೆ. ಮಾಡುವವನಿಗೂ ಬಳಸುವವನಿಗೂ ನಡುವೆ ಇರುವ ದೂರ ಒಂದು ಓಣಿಯಷ್ಟು ಮಾತ್ರ.

ಗಣಕಯಂತ್ರದ ತಂತ್ರಾಂಶವನ್ನು ರಚಿಸುವವರ ಸ್ಥಿತಿ ಹೀಗಿಲ್ಲ. ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಸೀಮೆಯಲ್ಲಿ, ಸಾಯಗಾಂವವೆಂಬ ಹೋಬಳಿಯ ಊರಿದೆ. ಅಲ್ಲಿಯ ರೈತನು ತನ್ನ ಮೊಬೈಲಿನಲ್ಲಿ ಬಳಸಬೇಕಾದ ತಂತ್ರಾಂಶವನ್ನು ರಚಿಸುವವರು ಬಹುಶಃ ಸುಮಾರು 700 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಕುಳಿತಿರುತ್ತಾರೆ. ಅವರು ಆ ರೈತನನ್ನು ನೋಡಿಲ್ಲ. ಅವನ ಮಾತನ್ನು ಕೇಳಿಲ್ಲ. ಆದರೂ ಅವನ ಬೆರಳು ಯಾವ ಗುಂಡಿಯನ್ನು ಒತ್ತಬೇಕು, ಅವನು ಯಾವ ಪದವನ್ನು ಓದಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನೆಲ್ಲ ಅವರೇ ನಿರ್ಧರಿಸಬೇಕು. ಕಾಣದ ಮನುಷ್ಯನಿಗಾಗಿ ಉಪಕರಣವನ್ನು ಮಾಡುವುದು ಹೇಗೆ? ಈ ಪ್ರಶ್ನೆಗೆ ತಂತ್ರಾಂಶಶಾಸ್ತ್ರದಲ್ಲಿ ದೊರೆತಿರುವ ಒಂದು ಉತ್ತರವನ್ನು ಈ ಲೇಖನದಲ್ಲಿ ಪರಿಶೀಲಿಸುವೆವು. ಆ ಉತ್ತರದ ಹೆಸರು 'ಪರ್ಸೋನಾ'.

ರಬ್ಬರಿನಂಥ ಬಳಕೆದಾರ

ತಂತ್ರಾಂಶವನ್ನು ರಚಿಸುವವರ ಸಭೆಗಳಲ್ಲಿ 'ಬಳಕೆದಾರ' ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. "ಬಳಕೆದಾರನಿಗೆ ಇದು ಬೇಕು", "ಬಳಕೆದಾರನಿಗೆ ಅದು ತಿಳಿಯುತ್ತದೆ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಈ ಬಳಕೆದಾರನು ಯಾರು? ಒಂದು ಕಠಿಣವಾದ ಪರದೆಯನ್ನು ಸಮರ್ಥಿಸಬೇಕಾದಾಗ ಅವನು ಗಣಕಯಂತ್ರವನ್ನು ಬಲ್ಲ ಜಾಣನಾಗುತ್ತಾನೆ. ಮೂರು ಬಾರಿ ಎಚ್ಚರಿಕೆಯ ಮಾತನ್ನು ತೋರಿಸುವುದನ್ನು ಸಮರ್ಥಿಸಬೇಕಾದಾಗ ಅವನೇ ಏನನ್ನೂ ಅರಿಯದವನಾಗುತ್ತಾನೆ. ಎಳೆದಂತೆ ಹಿಗ್ಗುವ, ಬಿಟ್ಟಂತೆ ಕುಗ್ಗುವ ರಬ್ಬರಿನಂಥವನು ಅವನು. ಇಂಥವನ ಹೆಸರಿನಲ್ಲಿ ಯಾವ ನಿರ್ಧಾರವನ್ನಾದರೂ ಕೈಕೊಳ್ಳಬಹುದು. ಯಾವ ನಿರ್ಧಾರವೂ ತಪ್ಪೆಂದು ಸಿದ್ಧವಾಗುವುದಿಲ್ಲ. ತಪ್ಪೆಂದು ತೋರಿಸಲು ಆಗದ ಮಾತು ವಿಜ್ಞಾನದಲ್ಲಿ ಹೇಗೆ ನಿರುಪಯುಕ್ತವೋ, ಉಪಕರಣದ ರಚನೆಯಲ್ಲಿಯೂ ಹಾಗೆಯೇ.

ಹೀಗಿರಲು, ಎಲ್ಲ ಬಳಕೆದಾರರ ಲೆಕ್ಕವನ್ನು ತೆಗೆದು ಸರಾಸರಿ ಬಳಕೆದಾರನನ್ನು ಕಂಡುಹಿಡಿದರೆ ಸಾಲದೆ ಎಂದು ವಾಚಕರು ಕೇಳಬಹುದು. ಈ ಪ್ರಯತ್ನದ ಫಲವೇನೆಂಬುದನ್ನು ಗಣಕಯಂತ್ರಗಳು ಮನೆಮನೆಗೆ ಬರುವ ಮೊದಲೇ ಬೇರೊಂದು ಕ್ಷೇತ್ರವು ತೋರಿಸಿಕೊಟ್ಟಿತು.

ಸರಾಸರಿ ಮನುಷ್ಯನು ಎಲ್ಲಿದ್ದಾನೆ?

ಅಮೆರಿಕದ ವಾಯುಪಡೆಯು 1950ರಲ್ಲಿ 4063 ಮಂದಿ ವೈಮಾನಿಕರ ಮೈಯಳತೆಯನ್ನು ತೆಗೆಸಿತು. ವಿಮಾನದ ಚಾಲಕನ ಕೋಣೆಯನ್ನು ಸರಾಸರಿ ಅಳತೆಗೆ ತಕ್ಕಂತೆ ಕಟ್ಟಿದರೆ ಹೆಚ್ಚು ಮಂದಿಗೆ ಅನುಕೂಲವಾಗುವುದೆಂದು ಆಗ ನಂಬಿದ್ದರು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಸಂಶೋಧಕನು ಈ ಅಳತೆಗಳಿಂದ ಎತ್ತರ, ಎದೆಯ ಸುತ್ತಳತೆ, ತೋಳಿನ ಉದ್ದ ಮೊದಲಾದ ಹತ್ತನ್ನು ಆರಿಸಿಕೊಂಡನು. ಪ್ರತಿಯೊಂದು ಅಳತೆಯಲ್ಲಿಯೂ ನಡುವಿನ ಶೇಕಡ 30ರಷ್ಟು ಮಂದಿಯನ್ನು 'ಸರಾಸರಿಯವರು' ಎಂದು ಉದಾರವಾಗಿಯೇ ಎಣಿಸಿದನು. ಅನಂತರ ಹತ್ತು ಅಳತೆಗಳಲ್ಲಿಯೂ ಸರಾಸರಿಯಾಗಿರುವವರು ಎಷ್ಟು ಮಂದಿ ಎಂದು ನೋಡಿದನು. 4063 ಮಂದಿಯಲ್ಲಿ ಅಂಥವನು ಒಬ್ಬನೂ ಇರಲಿಲ್ಲ! ಎತ್ತರ, ಎದೆಯ ಸುತ್ತಳತೆ, ತೋಳಿನ ಉದ್ದ ಈ ಮೂರನ್ನು ಮಾತ್ರ ತೆಗೆದುಕೊಂಡರೂ ಮೂರರಲ್ಲಿಯೂ ಸರಾಸರಿಯಾದವರು ಶೇಕಡ ಸುಮಾರು 3.5ರಷ್ಟೇ ಇದ್ದರು.

ಇದರ ಕಾರಣವನ್ನು ಪ್ರೌಢಶಾಲೆಯ ಗಣಿತದಿಂದಲೇ ತಿಳಿಯಬಹುದು. ಒಂದು ಅಳತೆಯಲ್ಲಿ ಸರಾಸರಿಯಾಗುವ ಸಂಭವ 0.3 ಎಂದಿರಲಿ. ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದರೆ, ಮೂರರಲ್ಲಿಯೂ ಸರಾಸರಿಯಾಗುವ ಸಂಭವ 0.3 × 0.3 × 0.3, ಎಂದರೆ 0.027, ಶೇಕಡ 2.7. ಹತ್ತರಲ್ಲಿಯೂ ಹಾಗಾಗುವ ಸಂಭವ ಹತ್ತು ಲಕ್ಷದಲ್ಲಿ ಸುಮಾರು ಆರು ಮಾತ್ರ. ನಿಜವಾದ ದೇಹದಲ್ಲಿ ಅಳತೆಗಳ ನಡುವೆ ಸ್ವಲ್ಪ ಸಂಬಂಧವಿರುವುದರಿಂದ ಲೆಕ್ಕವು ತುಸು ಬದಲಾಗುತ್ತದೆ. ಆದರೆ ಸಾರಾಂಶವು ಬದಲಾಗುವುದಿಲ್ಲ. ಸರಾಸರಿಗಾಗಿ ಕಟ್ಟಿದ ಕೋಣೆಯು ಯಾರಿಗೂ ಹೊಂದದ ಕೋಣೆಯಾಗುತ್ತದೆ. ಇದನ್ನರಿತ ವಾಯುಪಡೆಯು ಹಿಂದಕ್ಕೂ ಮುಂದಕ್ಕೂ ಸರಿಸಬಹುದಾದ ಆಸನಗಳನ್ನು ಕೇಳತೊಡಗಿತು.

ಮೈಯಳತೆಯ ವಿಷಯವೇ ಹೀಗಾದರೆ ಮನಸ್ಸಿನ ವಿಷಯವನ್ನು ಕೇಳಬೇಕೆ? ಬೀದರ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಸಾಕ್ಷರರು ಶೇಕಡ ಸುಮಾರು 70. ಇದರಿಂದ 'ಶೇಕಡ 70ರಷ್ಟು ಓದು ಬಲ್ಲ' ರೈತನೊಬ್ಬನನ್ನು ಊಹಿಸಲಾಗುವುದೆ? ಓದಬಲ್ಲವರಿದ್ದಾರೆ, ಓದಲಾರದವರಿದ್ದಾರೆ, ನಡುವಿನ ಸಂಖ್ಯೆಯ ಮನುಷ್ಯನು ಮಾತ್ರ ಎಲ್ಲಿಯೂ ಇಲ್ಲ.

ಕ್ಯಾಥಿ ಎಂಬ ಪಾತ್ರ

ಸರಾಸರಿಯನ್ನು ಬಿಟ್ಟು ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಹಿಡಿಯಬೇಕೆಂಬ ವಿಚಾರವನ್ನು ತಂತ್ರಾಂಶದ ಕ್ಷೇತ್ರಕ್ಕೆ ತಂದವನು ಅಮೆರಿಕದ ಆಲನ್ ಕೂಪರ್. ಅವನು 1983ರಲ್ಲಿ, ದೊಡ್ಡ ಕೆಲಸಗಳ ಯೋಜನೆಯನ್ನು ಹಾಕಲು ನೆರವಾಗುವ ಒಂದು ತಂತ್ರಾಂಶವನ್ನು ಬರೆಯುತ್ತಿದ್ದನು. ಅಂಥ ತಂತ್ರಾಂಶವನ್ನು ಬಳಸಬಹುದಾದ ಏಳೆಂಟು ಮಂದಿಯನ್ನು ಮೊದಲು ಕಂಡು ಮಾತನಾಡಿಸಿದನು. ಅವರಲ್ಲಿ ಕ್ಯಾಥಿ ಎಂಬ ಹೆಸರಿನ ಒಬ್ಬ ಮಹಿಳೆಯ ಕೆಲಸದ ರೀತಿಯು ಅವನ ಮನಸ್ಸಿನಲ್ಲಿ ನಿಂತಿತು. ಆ ಕಾಲದ ಸಣ್ಣ ಗಣಕಯಂತ್ರಗಳು ಬಹಳ ನಿಧಾನ. ಬರೆದ ಕ್ರಮವಿಧಿಯನ್ನು ಯಂತ್ರದ ಭಾಷೆಗೆ ತಿರುಗಿಸಲು ಅವಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಆ ಬಿಡುವಿನಲ್ಲಿ ಕೂಪರನು ತಿರುಗಾಡುತ್ತ, ತಾನೇ ಕ್ಯಾಥಿಯ ಪಾತ್ರವನ್ನು ವಹಿಸಿ, ತನ್ನ ತಂತ್ರಾಂಶದೊಡನೆ ಸಂಭಾಷಣೆ ನಡೆಸುತ್ತಿದ್ದನು. ಈಗ ಕ್ಯಾಥಿಗೆ ಬೇಕಾದುದೇನು? ಈ ಪರದೆಯನ್ನು ಕಂಡು ಅವಳು ಏನು ಮಾಡುವಳು? ಇದರಿಂದ ಅನೇಕ ಅನಾವಶ್ಯಕ ಸೌಕರ್ಯಗಳು ಕಳಚಿಬಿದ್ದು, ಅವಶ್ಯಕವಾದುವು ಮಾತ್ರ ಉಳಿದುವು.

ಮುಂದೆ ಈ ಅಭ್ಯಾಸವನ್ನು ಅವನು ಒಂದು ಕ್ರಮವಾಗಿ ಬೆಳೆಸಿ, 1999ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿವರಿಸಿದನು. 'ಪರ್ಸೋನಾ' ಎಂಬ ಹೆಸರು ಬಳಕೆಗೆ ಬಂದುದು ಹೀಗೆ. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ರಂಗದ ಮೇಲೆ ನಟನು ಧರಿಸುವ ಮುಖವಾಡವೆಂದು ಅರ್ಥ. ನಮ್ಮ ದೊಡ್ಡಾಟದ ವೇಷಧಾರಿಯು ಪಾತ್ರದೊಳಕ್ಕೆ ಹೊಕ್ಕು ಮಾತನಾಡುವಂತೆ, ತಂತ್ರಾಂಶವನ್ನು ರಚಿಸುವವನೂ ಸ್ವಲ್ಪ ಹೊತ್ತು ತನ್ನನ್ನು ಮರೆತು ಬಳಸುವವನ ವೇಷವನ್ನು ತೊಡಬೇಕೆಂಬುದು ಇದರ ತಾತ್ಪರ್ಯ.

ಪರ್ಸೋನಾ ಎಂದರೆ ನಿಜವಾದ ವ್ಯಕ್ತಿಯಲ್ಲ. ಬರಿಯ ಕಟ್ಟುಕಥೆಯೂ ಅಲ್ಲ. ಹಲವರನ್ನು ಕಂಡು, ಅವರು ಕೆಲಸ ಮಾಡುವುದನ್ನು ಬಳಿಯಲ್ಲಿ ಕುಳಿತು ನೋಡಿ, ಅವರ ನಡತೆಯಲ್ಲಿ ಕಾಣುವ ಸಾಮ್ಯಗಳನ್ನು ಗುಂಪುಗೂಡಿಸಿ, ಒಂದೊಂದು ಗುಂಪಿಗೂ ಒಂದೊಂದು ಹೆಸರನ್ನೂ ಬಾಳನ್ನೂ ಕೊಟ್ಟು ಬರೆದ ಚಿತ್ರವೇ ಪರ್ಸೋನಾ. ಇದರಲ್ಲಿ ಮುಖ್ಯವಾದುದು ವಯಸ್ಸಾಗಲಿ ಉಡುಪಾಗಲಿ ಅಲ್ಲ. ಆ ವ್ಯಕ್ತಿಯ ಗುರಿ. ಗುರಿಗೂ ಕೆಲಸಕ್ಕೂ ಭೇದವುಂಟು. ಅರ್ಜಿಯನ್ನು ತುಂಬುವುದು ಕೆಲಸ. ಹೊಲದ ನಷ್ಟಕ್ಕೆ ಪರಿಹಾರವನ್ನು ಪಡೆಯುವುದು ಗುರಿ. ಅರ್ಜಿಯನ್ನು ಅಂದವಾಗಿ ತುಂಬಿಸಿಕೊಂಡು ಗುರಿಯನ್ನು ತಪ್ಪಿಸುವ ತಂತ್ರಾಂಶದಿಂದ ಪ್ರಯೋಜನವೇನು?

ಒಬ್ಬನಿಗಾಗಿ ಮಾಡಿದುದು ಅನೇಕರಿಗೆ ಹೇಗೆ ಒದಗುತ್ತದೆ ಎಂಬ ಸಂಶಯ ಇಲ್ಲಿ ಬರುವುದು ಸಹಜ. ಚಕ್ರವುಳ್ಳ ಪ್ರಯಾಣದ ಪೆಟ್ಟಿಗೆಯನ್ನು ವಾಚಕರು ನೋಡಿರಬಹುದು. ನೆಟ್ಟಗೆ ನಿಲ್ಲಿಸಿ, ಉದ್ದವಾದ ಹಿಡಿಯಿಂದ ಎಳೆದುಕೊಂಡು ಹೋಗುವ ಈ ಪೆಟ್ಟಿಗೆಯನ್ನು 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ವಿಮಾನಚಾಲಕನು ರೂಪಿಸಿದನು. ಅದು ಮೊದಲು ಒದಗಿದುದು ವಿಮಾನದ ಸಿಬ್ಬಂದಿಗೆ. ದಿನವೂ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಬೇಕಾದ ಸಣ್ಣ ಗುಂಪಿಗೆ. ಆದರೆ ಅವರ ಕಷ್ಟವನ್ನು ಪೂರ್ಣವಾಗಿ ನೀಗಿಸಿದ ಆ ಪೆಟ್ಟಿಗೆ ಇಂದು ಮುದುಕರಿಗೂ ವಿದ್ಯಾರ್ಥಿಗಳಿಗೂ ಬೇಕಾಗಿದೆ. ಎಲ್ಲರನ್ನೂ ಅರ್ಧಂಬರ್ಧ ಮೆಚ್ಚಿಸುವುದಕ್ಕಿಂತ ಒಬ್ಬನನ್ನು ಪೂರ್ಣವಾಗಿ ತೃಪ್ತಿಪಡಿಸುವುದು ಮೇಲೆಂದು ಕೂಪರನು ಹೇಳುವುದು ಇದೇ ಅರ್ಥದಲ್ಲಿ.

ಸಾಯಗಾಂವಕ್ಕೆ ಒಂದು ತಂತ್ರಾಂಶ

ತತ್ತ್ವವನ್ನು ಉದಾಹರಣೆಯಿಲ್ಲದೆ ತಿಳಿಯುವುದು ಕಷ್ಟ. ಆದುದರಿಂದ ನಾವೇ ಒಂದು ತಂತ್ರಾಂಶವನ್ನು ರಚಿಸಬೇಕಾಗಿದೆಯೆಂದು ಭಾವಿಸೋಣ.

2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಒಂದು ನಿಯಮವಿದೆ. ಆಲಿಕಲ್ಲಿನಂಥ ಸ್ಥಳೀಯ ವಿಪತ್ತಿನಿಂದ, ಅಥವಾ ಕಟಾವಿನ ಬಳಿಕ ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ ಅಕಾಲದ ಮಳೆಯಿಂದ ನಷ್ಟವಾದರೆ, ವಿಮೆ ಮಾಡಿಸಿದ ರೈತನು 72 ಗಂಟೆಗಳೊಳಗೆ ಅದನ್ನು ತಿಳಿಸಬೇಕು. ಮಾಂಜ್ರಾ ನದಿಯು ಹರಿಯುವ ಭಾಲ್ಕಿ ತಾಲ್ಲೂಕಿನಲ್ಲಿ ಸೋಯಾ, ತೊಗರಿ, ಉದ್ದು, ಹೆಸರುಗಳು ಮುಖ್ಯವಾದ ಬೆಳೆಗಳು. ಕೊಯ್ದು ಹರಡಿದ ಸೋಯಾ ಬೆಳೆಯ ಮೇಲೆ ಒಂದು ರಾತ್ರಿ ಮಳೆ ಸುರಿದರೆ ವರ್ಷದ ದುಡಿಮೆ ಕೆಡುತ್ತದೆ. ಆಗ ಆ ಮೂರು ದಿನಗಳು ರೈತನ ಪಾಲಿಗೆ ಎಷ್ಟು ಮಹತ್ವದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ನಷ್ಟವನ್ನು ತಿಳಿಸಲು ನೆರವಾಗುವ ತಂತ್ರಾಂಶವು ನಮ್ಮಿಂದ ಆಗಬೇಕಾದ ಕೆಲಸ.

ಇಲ್ಲಿ ನಾವು ಮೂರು ಪಾತ್ರಗಳನ್ನು ನಿಲ್ಲಿಸುವೆವು. ಇವು ಕೇವಲ ಕಲ್ಪಿತ. ಈ ವಿಧಾನವು ಹೇಗೆ ನಡೆಯುವುದೆಂದು ತೋರಿಸಲು ಮಾತ್ರ ಬರೆದುವು. ನಿಜವಾದ ಕೆಲಸದಲ್ಲಿ ಊರಿಗೆ ಹೋಗಿ, ಹತ್ತಿಪ್ಪತ್ತು ಮಂದಿಯನ್ನು ಕಂಡ ಮೇಲೆಯೇ ಇಂಥ ಪಾತ್ರಗಳನ್ನು ಬರೆಯಬೇಕು.

ಮೊದಲನೆಯವಳು ಶಾಂತಾಬಾಯಿ. ವಯಸ್ಸು ಐವತ್ತೈದು. ಮೂರು ಎಕರೆ ಹೊಲ. ಪಹಣಿಯು ಇನ್ನೂ ತೀರಿಹೋದ ಗಂಡನ ಹೆಸರಿನಲ್ಲಿದೆ. ಓದು ಬರಹವಿಲ್ಲ, ಆದರೆ ಅಂಕೆಗಳನ್ನು ಗುರುತಿಸಬಲ್ಲಳು. ಕೈಯಲ್ಲಿರುವುದು ಗುಂಡಿಯೊತ್ತುವ ಸಾದಾ ಮೊಬೈಲು. ಮಗನು ಕೆಲಸಕ್ಕಾಗಿ ಪುಣೆಯಲ್ಲಿದ್ದಾನೆ. ಹೊಲದ ಸರ್ವೆ ನಂಬರು ಅವಳಿಗೆ ನೆನಪಿಲ್ಲ. ಅವಳಿಗೆ ಅದು 'ಹುಣಸೆಗಿಡದ ಹೊಲ'. ಅವಳ ಗುರಿ: ಒಂದು ದಿನದ ಕೂಲಿಯನ್ನು ಕಳೆದುಕೊಳ್ಳದೆ, ಯಾರ ಹಂಗಿಗೂ ಬೀಳದೆ, ತನ್ನ ನಷ್ಟವು ಲೆಕ್ಕಕ್ಕೆ ಸೇರಬೇಕು.

ಎರಡನೆಯವನು ತುಕಾರಾಮ. ವಯಸ್ಸು ಇಪ್ಪತ್ನಾಲ್ಕು. ಭಾಲ್ಕಿಯಲ್ಲಿ ಪದವಿ ಓದಿದವನು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ಒಳ್ಳೆಯ ಸ್ಮಾರ್ಟ್ ಫೋನು ಅವನಲ್ಲಿದೆ. ತನ್ನ ಹೊಲದ ಕೆಲಸದ ಜೊತೆಗೆ ಓಣಿಯ ಏಳೆಂಟು ಮನೆಗಳ ಅರ್ಜಿಗಳನ್ನೂ ಅವನೇ ತುಂಬಿಕೊಡುತ್ತಾನೆ. "ತಮ್ಮಾ, ನಮ್ದೂ ಅಷ್ಟು ನೋಡು" ಎಂದು ಬಂದವರಿಗೆ ಇಲ್ಲವೆನ್ನಲಾರ. ಅವನ ಗುರಿ: ಎಲ್ಲರ ಕೆಲಸವನ್ನೂ ಬೇಗ ಮುಗಿಸಬೇಕು, ಯಾರದಾದರೂ ಅರ್ಜಿ ತಪ್ಪಿ ತನ್ನ ಮೇಲೆ ಮಾತು ಬರಬಾರದು.

ಮೂರನೆಯವರು ನಷ್ಟದ ಪರಿಶೀಲನೆಗೆ ಬರುವ ಅಧಿಕಾರಿ. ಅವರ ಮುಂದೆ ನೂರಾರು ಅರ್ಜಿಗಳಿವೆ. ಅವರ ಗುರಿ: ಯಾವ ಹೊಲ, ಯಾವ ಬೆಳೆ, ಯಾವ ದಿನದ ನಷ್ಟ ಎಂಬುದು ಸಂದೇಹಕ್ಕೆಡೆಯಿಲ್ಲದಂತೆ ತಿಳಿಯಬೇಕು.

ಈ ಮೂವರನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡು ಕೆಲಸಕ್ಕೆ ಕೂಡೋಣ. ಒಡನೆಯೇ ಕೆಲವು ನಿರ್ಧಾರಗಳು ತಾವಾಗಿಯೇ ಮುಂದೆ ಬರುತ್ತವೆ.

'ಒಂದು ಫೋನಿನಿಂದ ಒಬ್ಬ ರೈತನ ಅರ್ಜಿ ಮಾತ್ರ' ಎಂಬ ನಿಯಮವನ್ನು ಮೋಸ ತಡೆಯುವುದಕ್ಕಾಗಿ ಯಾರಾದರೂ ಸೂಚಿಸಬಹುದು. ರಬ್ಬರಿನ ಬಳಕೆದಾರನು ಇದಕ್ಕೆ ಒಪ್ಪಿಯಾನು. ಆದರೆ ತುಕಾರಾಮನನ್ನು ನೆನೆದ ಕೂಡಲೆ ಇದು ಓಣಿಯ ಏಳೆಂಟು ಮನೆಗಳ ಬಾಗಿಲನ್ನು ಮುಚ್ಚುವ ನಿಯಮವೆಂದು ತಿಳಿಯುತ್ತದೆ. ಮೋಸವನ್ನು ತಡೆಯಬೇಕು, ನಿಜ. ಅದಕ್ಕೆ ರೈತನ ನಂಬರಿಗೆ ಗುಪ್ತಸಂಖ್ಯೆಯನ್ನು ಕಳುಹಿಸಿ ಒಪ್ಪಿಗೆ ಪಡೆಯುವಂಥ ಬೇರೆ ದಾರಿಯನ್ನು ಹುಡುಕಬೇಕು.

ಎರಡನೆಯದು, ಹೊಲದಲ್ಲಿ ಮೊಬೈಲಿನ ಸಂಕೇತ ಸಿಗದಿರಬಹುದು. ಮಳೆ ಬಂದ ದಿನವಂತೂ ವಿದ್ಯುತ್ತೂ ಇರುವುದಿಲ್ಲ. ಛಾಯಾಚಿತ್ರವು ಕಛೇರಿಗೆ ತಲುಪಿದ ಗಳಿಗೆಯಿಂದ 72 ಗಂಟೆಗಳನ್ನು ಎಣಿಸಿದರೆ, ಸಂಕೇತವಿಲ್ಲದ ಊರಿನವರಿಗೆ ಅನ್ಯಾಯವಾಗುತ್ತದೆ. ಚಿತ್ರವನ್ನು ತೆಗೆದ ಗಳಿಗೆಯೂ ಸ್ಥಳವೂ ಫೋನಿನಲ್ಲಿಯೇ ದಾಖಲಾಗಿ, ಸಂಕೇತ ಸಿಕ್ಕಾಗ ತಾನಾಗಿಯೇ ಹೋಗುವಂತಿರಬೇಕು. ಅಧಿಕಾರಿಯ ಗುರಿಗೂ ಇದೇ ಅನುಕೂಲ.

ಮೂರನೆಯದು, 'ಸರ್ವೆ ನಂಬರನ್ನು ಬರೆಯಿರಿ' ಎಂಬ ಮೊದಲ ಪ್ರಶ್ನೆಗೇ ಶಾಂತಾಬಾಯಿಯ ದಾರಿ ಕಟ್ಟಿಹೋಗುತ್ತದೆ. ಹೊಲದಲ್ಲಿ ನಿಂತರೆ ಫೋನೇ ಸ್ಥಳವನ್ನು ಗುರುತಿಸಿ ನಂಬರನ್ನು ಸೂಚಿಸಬಹುದು. ಪಹಣಿಯು ಗಂಡನ ಹೆಸರಿನಲ್ಲಿರುವಾಗ 'ಹೆಸರು ತಾಳೆಯಾಗುವುದಿಲ್ಲ' ಎಂದು ಅರ್ಜಿಯನ್ನು ತಳ್ಳಿಬಿಡದೆ, ಅದನ್ನು ಪಡೆದುಕೊಂಡು, ಹಕ್ಕಿನ ಪ್ರಶ್ನೆಯನ್ನು ಮುಂದಿನ ಪರಿಶೀಲನೆಗೆ ಬಿಡಬೇಕು. ಇಲ್ಲವಾದರೆ ಹಕ್ಕು ಇದ್ದೂ ಗಡುವು ಮೀರಿಹೋಗುತ್ತದೆ.

ಆದರೆ ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯಿತು. ಶಾಂತಾಬಾಯಿಯ ಬಳಿ ಸ್ಮಾರ್ಟ್ ಫೋನೇ ಇಲ್ಲ! ನಾವು ಪರದೆಯನ್ನು ಎಷ್ಟು ಸರಳಗೊಳಿಸಿದರೂ ಅದು ಅವಳನ್ನು ಮುಟ್ಟುವುದಿಲ್ಲ. ಇಲ್ಲಿ ಕೂಪರನ ವಿಧಾನದಲ್ಲಿಯ ಒಂದು ಸೂತ್ರವು ನೆರವಿಗೆ ಬರುತ್ತದೆ. ಒಂದು ಪರದೆಗೆ ಒಬ್ಬನೇ ಮುಖ್ಯ ಪಾತ್ರ. ಬೇರೊಬ್ಬರಿಗಾಗಿ ರಚಿಸಿದ ಪರದೆಯಿಂದ ತೃಪ್ತಿಯಾಗದ ವ್ಯಕ್ತಿಯೊಬ್ಬನಿದ್ದರೆ ಅವನಿಗಾಗಿ ಬೇರೆಯೇ ದಾರಿಯನ್ನು ರಚಿಸಬೇಕು. ಆದುದರಿಂದ ತುಕಾರಾಮನಿಗೆ ಒಂದು ಆ್ಯಪ್, ಶಾಂತಾಬಾಯಿಗೆ ಧ್ವನಿಯ ದಾರಿ. ಅವಳು ಒಂದು ನಂಬರಿಗೆ ಕರೆ ಮಾಡುವಳು. ಅವಳ ಸೀಮೆಯ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ದಖನಿಯಲ್ಲಿಯೋ ಪ್ರಶ್ನೆ ಬರುವುದು. ಉತ್ತರವನ್ನು ಅವಳು ಬಾಯಿಂದ ಹೇಳುವಳು. ಕಡೆಗೆ ಅರ್ಜಿಯ ಸಂಖ್ಯೆಯು ಅಂಕೆಗಳಲ್ಲಿ ಅವಳ ಫೋನಿಗೆ ಬರುವುದು. ಅಕ್ಷರವನ್ನು ಅರಿಯದವಳಿಗೂ ಅಂಕೆಯು ಕೈಯಲ್ಲಿ ಉಳಿಯುವ ಸಾಕ್ಷಿ.

ಈ ನಿರ್ಧಾರಗಳಲ್ಲಿ ಒಂದಾದರೂ 'ಬಳಕೆದಾರ' ಎಂಬ ಒಂದೇ ಪದದಿಂದ ಹುಟ್ಟುತ್ತಿತ್ತೆ?

ನಮ್ಮ ನಾಡಿನ ಎರಡು ನಿದರ್ಶನಗಳು

ಹೆಸರು ಏನೇ ಇರಲಿ, ಬಳಸುವವನನ್ನು ಕಣ್ಣೆದುರಿಗೆ ತಂದುಕೊಳ್ಳುವ ಕೆಲಸವು ಕರ್ನಾಟಕದಲ್ಲಿಯೂ ನಡೆದಿದೆ. ಬೆಂಗಳೂರಿನಲ್ಲಿ 2005ರಲ್ಲಿ ಸ್ಥಾಪಿತವಾದ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಇಂದ್ರಾಣಿ ಮೇಧಿ ಎಂಬುವರು, ಓದು ಬರಹವಿಲ್ಲದವರು ಬಳಸಬಹುದಾದ ಪರದೆಯನ್ನು ರಚಿಸಲು ತೊಡಗಿದರು. ಅದಕ್ಕಾಗಿ ಅವರು ನಗರದ ಬಡ ಕೇರಿಗಳಲ್ಲಿ ವಾಸಿಸುವ, ಮನೆಗೆಲಸವನ್ನು ಮಾಡುವ ಮಹಿಳೆಯರೊಡನೆ ಬಹುಕಾಲ ಕೆಲಸ ಮಾಡಿದರು. ಆ ಮಹಿಳೆಯರು ಮನೆಗೆಲಸ ಎಲ್ಲಿ ದೊರೆಯುವುದೆಂದು ತಿಳಿಯುವುದಕ್ಕೆ ನೆರವಾಗುವಂತೆ, ಅಕ್ಷರಗಳ ಬದಲು ಚಿತ್ರಗಳೂ ಧ್ವನಿಯೂ ಉಳ್ಳ ಪರದೆಯು ಸಿದ್ಧವಾಯಿತು. ಅಂಕೆಗಳನ್ನು ಮಾತ್ರ ಉಳಿಸಿಕೊಂಡರು. ಏಕೆಂದರೆ ಓದಲಾರದವರೂ ಅಂಕೆಗಳನ್ನು ಗುರುತಿಸುತ್ತಿದ್ದರು.

ಇಲ್ಲಿ ಕಂಡುಬಂದ ಸಂಗತಿಗಳು ಕುತೂಹಲಕರವಾಗಿವೆ. ಪಾತ್ರೆಗಳ ಚಿತ್ರವನ್ನಷ್ಟೆ ತೋರಿಸಿದರೆ ಅದು 'ಪಾತ್ರೆ ತೊಳೆಯುವ ಕೆಲಸ' ಎಂದು ಹೊಳೆಯುತ್ತಿರಲಿಲ್ಲ. ನಲ್ಲಿಯಿಂದ ನೀರು ಸುರಿಯುವಂತೆ ಚಲನೆಯ ಸೂಚನೆಯನ್ನು ಸೇರಿಸಬೇಕಾಯಿತು. ಯಂತ್ರವನ್ನು ಮುಟ್ಟಿದರೆ ಕೆಟ್ಟೀತೆಂಬ ಅಂಜಿಕೆ ಕೆಲವರಲ್ಲಿತ್ತು. ಇದಕ್ಕಿಂತ ದೊಡ್ಡ ಅಡ್ಡಿಯೊಂದಿತ್ತು: ಕೆಲಸದ ಮಾಹಿತಿಯು ಈ ಪೆಟ್ಟಿಗೆಯೊಳಕ್ಕೆ ಎಲ್ಲಿಂದ ಬಂತೆಂಬುದು ತಿಳಿಯದಿದ್ದರೆ ಅದನ್ನು ನಂಬುವುದು ಹೇಗೆ? ಆದುದರಿಂದ, ಮನೆಯೊಡತಿಯು ತನ್ನ ಅವಶ್ಯಕತೆಯನ್ನು ತಿಳಿಸುವುದರಿಂದ ಹಿಡಿದು ಕೆಲಸದವಳಿಗೆ ಅದು ತಲುಪುವವರೆಗಿನ ಕಥೆಯನ್ನು ಚಲಚ್ಚಿತ್ರವಾಗಿ ಮೊದಲು ತೋರಿಸುವ ಏರ್ಪಾಡಾಯಿತು. ಕಛೇರಿಯಲ್ಲಿ ಕುಳಿತು ಊಹಿಸಿದವರಿಗೆ ಇವು ಹೊಳೆಯುವ ಸಂಗತಿಗಳಲ್ಲ.

ಇನ್ನೊಂದು ನಿದರ್ಶನವು 'ಭೂಮಿ' ಯೋಜನೆ. ಕರ್ನಾಟಕದ ಕಂದಾಯ ಇಲಾಖೆಯು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಲ್ಲಿ 15 ರೂಪಾಯಿಗೆ ಪ್ರತಿಯನ್ನು ಕೊಡತೊಡಗಿತು. ಅದಕ್ಕೆ ಮೊದಲು ಈ ದಾಖಲೆಗಳು ಸುಮಾರು 9000 ಮಂದಿ ಗ್ರಾಮಲೆಕ್ಕಿಗರ ಕೈಯಲ್ಲಿದ್ದುವು. ಈ ಕೇಂದ್ರಗಳಲ್ಲಿ ಗಣಕಯಂತ್ರವನ್ನು ನಡೆಸುವವನು ನೌಕರ. ಆದರೆ ದಾಖಲೆಯು ರೈತನದು. ನೌಕರನು ಏನು ಮಾಡುತ್ತಿದ್ದಾನೆಂಬುದು ಕಾಣುವಂತೆ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನು ಇಟ್ಟರು. ಹೆಸರು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ತೀರ್ಮಾನವಾಗಬೇಕೆಂಬ ಕಟ್ಟನ್ನು ತಂತ್ರಾಂಶದಲ್ಲಿಯೇ ಸೇರಿಸಿದರು. ಕೀಲಿಮಣೆಯನ್ನು ಎಂದೂ ಮುಟ್ಟದ ರೈತನೂ ತಂತ್ರಾಂಶದ ಬಳಕೆದಾರನೇ ಎಂಬ ತಿಳಿವು ಇವುಗಳಲ್ಲಿದೆ. ಆದರೆ ಹಳ್ಳಿಯಲ್ಲಿದ್ದ ದಾಖಲೆ ತಾಲ್ಲೂಕಿನ ಊರಿಗೆ ಹೋದುದರಿಂದ, ದೂರದ ಹಳ್ಳಿಯವರಿಗೆ ಬಸ್ಸಿನ ಖರ್ಚೂ ಒಂದು ದಿನದ ಕೂಲಿಯೂ ಹೊಸದಾಗಿ ತಗಲಿದುವು. ಮುಂದೆ ಹೋಬಳಿಗಳಲ್ಲಿ ಕೇಂದ್ರಗಳನ್ನು ತೆರೆದು ಈ ದೂರವನ್ನು ಕಡಮೆ ಮಾಡಬೇಕಾಯಿತು.

ಎರಡು ಆಕ್ಷೇಪಗಳು

ಯಾವ ವಿಧಾನವನ್ನೂ ಪರೀಕ್ಷಿಸದೆ ಒಪ್ಪಬಾರದಷ್ಟೆ. ಪರ್ಸೋನಾ ವಿಧಾನಕ್ಕೂ ಆಕ್ಷೇಪಗಳಿವೆ. ಕ್ರಿಸ್ಟೋಫರ್ ಚಾಪ್ಮನ್ ಮತ್ತು ರಸೆಲ್ ಮಿಲ್ಹಮ್ ಎಂಬುವರು 2006ರಲ್ಲಿ ಇದನ್ನು ತೀವ್ರವಾಗಿ ಟೀಕಿಸಿದರು. ಕಲ್ಪಿತ ವ್ಯಕ್ತಿಯು ನಿಜವಾದ ಜನರಲ್ಲಿ ಎಷ್ಟು ಮಂದಿಯನ್ನು ಪ್ರತಿನಿಧಿಸುವನು? ಇದನ್ನು ಅಳೆಯುವುದು ಹೇಗೆ? ನಮ್ಮ ಲೆಕ್ಕವನ್ನೇ ಇಲ್ಲಿಗೂ ಅನ್ವಯಿಸಬಹುದು. ಒಬ್ಬ ಪಾತ್ರಕ್ಕೆ ಐದು ಲಕ್ಷಣಗಳನ್ನು ಕೊಟ್ಟೆವೆನ್ನಿ. ಒಂದೊಂದು ಲಕ್ಷಣವೂ ಅರ್ಧ ಮಂದಿಯಲ್ಲಿ ಇರುವಂಥದು, ಒಂದಕ್ಕೊಂದು ಸಂಬಂಧವಿಲ್ಲದ್ದು. ಐದೂ ಕೂಡಿದವರು 32ರಲ್ಲಿ ಒಬ್ಬರು ಮಾತ್ರ. ಹತ್ತು ಲಕ್ಷಣಗಳಾದರೆ 1024ರಲ್ಲಿ ಒಬ್ಬರು. ಹಾಗಾದರೆ ವಿವರ ಹೆಚ್ಚಿದಂತೆ ಪರ್ಸೋನಾವೂ ಡೇನಿಯಲ್ಸನ ಸರಾಸರಿ ವೈಮಾನಿಕನಂತೆ ಯಾರೂ ಅಲ್ಲದವನಾಗುವುದಿಲ್ಲವೆ?

ಆಕ್ಷೇಪವು ಯುಕ್ತವಾದುದೇ. ಇದಕ್ಕೆ ಸಮಾಧಾನವೆಂದರೆ, ಪರ್ಸೋನಾವನ್ನು ಜನಗಣತಿಯೆಂದು ತಿಳಿಯಬಾರದು. ಓದಲಾರದವರು ಎಷ್ಟು ಮಂದಿ, ಸ್ಮಾರ್ಟ್ ಫೋನು ಇಲ್ಲದವರು ಎಷ್ಟು ಮಂದಿ ಎಂಬುದನ್ನು ಎಣಿಕೆಯಿಂದಲೇ ತಿಳಿಯಬೇಕು. ಓದಲಾರದವಳಿಗೆ ಈ ಪರದೆಯಿಂದ ಏನಾಗುತ್ತದೆ ಎಂಬುದನ್ನು ಯೋಚಿಸುವುದಕ್ಕೆ ಪರ್ಸೋನಾ ಬೇಕು. ಮೊದಲನೆಯದು ಎಷ್ಟು ಎಂಬ ಪ್ರಶ್ನೆ, ಎರಡನೆಯದು ಹೇಗೆ ಎಂಬ ಪ್ರಶ್ನೆ. ನಿರ್ಧಾರವನ್ನು ಬದಲಿಸುವ ಲಕ್ಷಣಗಳನ್ನು ಮಾತ್ರ ಪಾತ್ರಕ್ಕೆ ಕೊಡಬೇಕು. ಶಾಂತಾಬಾಯಿಗೆ ಅಂಕೆಗಳು ಗೊತ್ತೆಂಬುದು ತಂತ್ರಾಂಶವನ್ನು ಬದಲಿಸುತ್ತದೆ. ಅವಳ ಸೀರೆಯ ಬಣ್ಣವು ಏನನ್ನೂ ಬದಲಿಸುವುದಿಲ್ಲ.

ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದುದು. ಹಳ್ಳಿಗೆ ಹೋಗದೆಯೇ ಪಾತ್ರವನ್ನು ಬರೆಯುವುದು ಸುಲಭ. ನಗರದವನ ಮನಸ್ಸಿನಲ್ಲಿ ಮೊದಲೇ ಇರುವ ಚಿತ್ರ, ಎಂದರೆ ಹೆಣ್ಣಾದರೆ ಅಂಜುಬುರುಕಿ, ಮುದುಕನಾದರೆ ದಡ್ಡ, ಗಡಿಯವನಾದರೆ ಕನ್ನಡ ಬಾರದವನು ಎಂಬಂಥ ಪೂರ್ವಗ್ರಹವು, ಒಂದು ಹೆಸರನ್ನು ತೊಟ್ಟು ಗೋಡೆಯ ಮೇಲೆ ಕೂತುಬಿಡುತ್ತದೆ. ರಬ್ಬರಿನ ಬಳಕೆದಾರನಿಗಿಂತ ಇದು ಅಪಾಯಕರ. ಏಕೆಂದರೆ ಹೆಸರೂ ಮುಖವೂ ಇರುವುದರಿಂದ ಅದು ನಿಜವೆಂದು ತೋರುತ್ತದೆ. ಬೀದರದ ಸೀಮೆಯಲ್ಲಿ ಈ ತಪ್ಪಿಗೆ ಎಡೆ ಹೆಚ್ಚು. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ನೆಲದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಒಬ್ಬನೇ ಮನುಷ್ಯನು ಮನೆಯಲ್ಲೊಂದು, ಅಂಗಡಿಯಲ್ಲೊಂದು, ಕಛೇರಿಯಲ್ಲೊಂದು ಭಾಷೆಯನ್ನಾಡುವುದು ಇಲ್ಲಿ ವಿಶೇಷವಲ್ಲ. 'ರೈತನ ಭಾಷೆ ಯಾವುದು?' ಎಂದು ಒಂದೇ ಉತ್ತರವನ್ನು ಕೇಳುವ ಪರದೆಗೆ ಇದು ತಿಳಿಯದು.

ಇದಕ್ಕೆ ಪರಿಹಾರವೂ ವಿಜ್ಞಾನದ ಹಳೆಯ ಪರಿಹಾರವೇ: ನೋಡುವುದು, ಬರೆದಿಡುವುದು, ಮತ್ತೆ ಹೋಗಿ ಪರೀಕ್ಷಿಸುವುದು. "ನಿಮಗೆ ಏನು ಬೇಕು?" ಎಂದು ಕೇಳಿದರೆ ಜನರು ಸೌಜನ್ಯಕ್ಕಾಗಿ "ಎಲ್ಲಾ ಚಲೋ ಅದರಿ" ಎಂದುಬಿಡಬಹುದು. "ಹೋದ ಸಲ ಬೆಳೆ ಕೆಟ್ಟಾಗ ಏನು ಮಾಡಿದಿರಿ? ಯಾರ ಬಳಿಗೆ ಹೋದಿರಿ? ಎಷ್ಟು ಸಲ ಹೋದಿರಿ?" ಎಂದು ಕೇಳಿ, ಅವರು ಫೋನನ್ನು ಹಿಡಿಯುವ ರೀತಿಯನ್ನು ಸುಮ್ಮನೆ ನೋಡಿದರೆ ಸತ್ಯವು ಹೊರಬೀಳುತ್ತದೆ. ತಂತ್ರಾಂಶವು ಸಿದ್ಧವಾದ ಮೇಲೆ ಅದನ್ನು ಅಂಥವರ ಕೈಗೇ ಕೊಟ್ಟು, ಅವರು ಎಲ್ಲಿ ತಡವರಿಸುವರೆಂದು ಗುರುತಿಸಬೇಕು. ಆ ನೋಟಕ್ಕೆ ಹೊಂದದ ಪಾತ್ರವನ್ನು ಹರಿದುಹಾಕಿ ಹೊಸದಾಗಿ ಬರೆಯಲು ಹಿಂಜರಿಯಬಾರದು.

2020ರ ಮುಂಗಾರಿನಲ್ಲಿ ಕರ್ನಾಟಕ ಸರಕಾರವು ರೈತರೇ ತಮ್ಮ ಬೆಳೆಯ ವಿವರವನ್ನೂ ಚಿತ್ರವನ್ನೂ ಮೊಬೈಲಿನಿಂದ ದಾಖಲಿಸುವ ಬೆಳೆ ಸಮೀಕ್ಷೆಯ ಆ್ಯಪನ್ನು ಬಳಕೆಗೆ ತಂದಿತು. ಹಿಂದೆ ಕಾಗದದ ಮೇಲೆ ಲೆಕ್ಕಿಗನು ಬರೆಯುತ್ತಿದ್ದುದನ್ನು ಇಂದು ಹೊಲದಲ್ಲಿ ನಿಂತ ರೈತನ ಬೆರಳು ಬರೆಯಬಹುದಾಗಿದೆ. ಅಂಥ ಪರದೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋಗುವುವು. ಅವನ್ನು ರಚಿಸುವವರಲ್ಲಿ ಭಾಲ್ಕಿ, ಔರಾದಗಳ ಕಾಲೇಜುಗಳಲ್ಲಿ ಇಂದು ಓದುತ್ತಿರುವವರೂ ಇರಬಹುದು. ಪುಸ್ತಕದಿಂದ ಕಲಿಯಬೇಕಾದ ಕ್ರಮವಿಧಿಯ ವಿದ್ಯೆ ಅವರಿಗೂ ಬೆಂಗಳೂರಿನವರಿಗೂ ಸಮಾನವೇ. ಆದರೆ ಸರ್ವೆ ನಂಬರನ್ನು ಕೇಳಿದಾಗ 'ಹುಣಸೆಗಿಡದ ಹೊಲ' ಎಂದು ಉತ್ತರಿಸುವ ಹೆಂಗಸನ್ನು ಅವರು ಊಹಿಸಬೇಕಾಗಿಲ್ಲ. ಸಂಜೆ ಮನೆಗೆ ಹೋದಾಗ ಕೇಳಿ ತಿಳಿಯಬಹುದು.